ನಾಲ್ಕು ಹನಿ ಎಣ್ಣೆ

ಹೊಲಿಗೆ ಮಷಿನ್ ರಿಪೇರಿ ಮಾಡುವವನಿಗೆ ಸಂಗೀತದ ಹುಚ್ಚು ಇರಬಾರದೆಂದು ಯಾವ ಕಾನೂನೂ ಇಲ್ಲ. ನಮ್ಮ ರಿಪೇರಿಯವನಿಗೆ ಇತ್ತು. ಅದೂ ಎಂಥ ಸಂಗೀತ! ತಗಡು ಉಜ್ಜುವ, ಬಕೆಟ್ಟು ಬಡಿಯುವ, ನಡುನಡುವೆ ಪಿಟೀಲು ಕುಯ್ಯುವ ಮೂವರ ಮೇಳ. ಇಪ್ಪತ್ತೆರಡು ವರ್ಷದಿಂದ ಅಂಗಡಿಯಲ್ಲಿ ಅವರದೇ ಒಂದು ಕ್ಯಾಸೆಟ್ಟು. ಗಿರಾಕಿಗಳು ಕಿವಿ ಮುಚ್ಚಿಕೊಂಡೇ ಒಳಗೆ ಬರುತ್ತಿದ್ದರು. ಕೊನೆಯ ಹಾಡಿನಲ್ಲಿ ಒಂದು ಸಣ್ಣ ದನಿ ಅಳುತ್ತಾ ಅಳುತ್ತಾ ಮೇಲೇರುತ್ತದೆ. ತಾಯಿ ಸತ್ತ ವಾರ ಅವನು ಬೇರೇನನ್ನೂ ಕೇಳಿರಲಿಲ್ಲ. ಅದು ಪಿಟೀಲೆಂದೇ ಅವನ ನಂಬಿಕೆ.

ಆ ಮೇಳ ಕೊನೆಗೂ ಊರಿಗೆ ಬಂತು. ಭಾನುವಾರ ಮಧ್ಯಾಹ್ನ ಹೆಂಡತಿಯನ್ನು ಹೊರಡಿಸಿಕೊಂಡು, ಒಂದು ಗಂಟೆ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ಕೂತ. ಅವರಿಗೆ ವಯಸ್ಸಾಗಿ ಕೈ ನಡುಗುತ್ತಿದ್ದರೆ? ಆ ಹಾಡನ್ನೇ ನುಡಿಸದೆ ಹೋದರೆ?

ಪರದೆ ಸರಿಯಿತು. ವೇದಿಕೆಯ ಮೇಲೆ ಹಳೆಯ ಹೊಲಿಗೆ ಮಷಿನ್ ಇತ್ತು! ಮೇಳದ ನರೆಗೂದಲಿನ ಹೆಂಗಸು ಆಗೊಮ್ಮೆ ಈಗೊಮ್ಮೆ ಅದರ ಚಕ್ರವನ್ನು ಅರ್ಧ ಸುತ್ತು ತಿರುಗಿಸುತ್ತಿದ್ದಳು. ಕಿರ್ರ್. ಅವನಿಗೆ ಅಷ್ಟೇ ಸಾಕಾಯಿತು. ಒಳಗೆ ಎಣ್ಣೆಯ ಪಸೆಯೇ ಇಲ್ಲ. ಜೋರಾಗಿ ತಿರುಗಿಸಿದರೆ ಹಿಡಿದುಕೊಂಡು ನಿಂತೇಬಿಡುತ್ತದೆ. ಕೊನೆಯ ಹಾಡಿನ ಹೊತ್ತಿಗೆ ಕೈಕೊಟ್ಟರೆ? ಅರ್ಧ ಗಂಟೆ ಅವನ ಕಿವಿಗೆ ಬೇರೆ ಯಾವ ಸದ್ದೂ ಬೀಳಲಿಲ್ಲ.

"ಅದು ಒಣಗಿಹೋಗಿದೆ ಕಣೇ," ಎಂದು ಪಿಸುಗುಟ್ಟಿದ.

"ಇಲ್ಲೂ ಅಂಗಡಿ ತೆಗೀಬೇಡಿ. ಸುಮ್ನೆ ಕೇಳಿ," ಎಂದಳು ಹೆಂಡತಿ.

ವಿರಾಮದಲ್ಲಿ ಅವಳು ನೀರು ಕುಡಿಯಲು ಎದ್ದಳು. ಇವನಿಗೆ ತಡೆಯಲಾಗಲಿಲ್ಲ. ಜೇಬಿನಲ್ಲಿ ಪುಟ್ಟ ಎಣ್ಣೆ ಡಬ್ಬಿ ಇದ್ದೇ ಇರುತ್ತದಲ್ಲ! ಕಳ್ಳಬೆಕ್ಕಿನ ಹಾಗೆ ವೇದಿಕೆ ಹತ್ತಿ, ನಾಲ್ಕು ಹನಿ ಬಿಟ್ಟು, ಚಕ್ರವನ್ನು ಎರಡು ಸುತ್ತು ತಿರುಗಿಸಿ ನೋಡಿ ಇಳಿದುಬಂದ. ಬೆಣ್ಣೆಯ ಹಾಗಾಗಿತ್ತು. ಆಗ ಜೀವಕ್ಕೆ ಸಮಾಧಾನವಾಯಿತು.

ಕೊನೆಯ ಹಾಡು ಬಂತು. ಉಳಿದಿಬ್ಬರು ಪಿಟೀಲನ್ನು ಕೆಳಗಿಟ್ಟು ಕೈಕಟ್ಟಿ ನಿಂತರು. ಹೆಂಗಸು ಕಣ್ಣು ಮುಚ್ಚಿ, ಮಷಿನ್ನಿನ ಚಕ್ರವನ್ನು ರಭಸದಿಂದ ತಿರುಗಿಸಿದಳು. ಏನೂ ಕೇಳಿಸಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದಳು. ಚಕ್ರ ಸದ್ದಿಲ್ಲದೆ ತಿರುಗಿತು. ಇಪ್ಪತ್ತೆರಡು ವರ್ಷ ತಾನು ಕೇಳಿದ ಆ ಅಳು ಪಿಟೀಲಿನದಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಆಕೆ ಚಕ್ರದ ಬುಡಕ್ಕೆ ಬೆರಳು ಸವರಿ ಮೂಸಿ ನೋಡಿದಳು. "ಯಾರು ಎಣ್ಣೆ ಹಾಕಿದ್ದು?"

ಹೆಂಡತಿ ಅಂಗಿ ಹಿಡಿದು ಜಗ್ಗುತ್ತಿದ್ದರೂ ಎದ್ದು ನಿಂತ. "ನಾನೇ ಅಮ್ಮಾ. ಮಷಿನ್ ರಿಪೇರಿಯವನು. ಮಧ್ಯದಲ್ಲಿ ನಿಂತ್ಹೋಗುತ್ತೆ ಅಂತ ಭಯ ಆಯ್ತು."

ಹಿಂದೆ ಯಾರೋ ಕಿಸಕ್ಕೆಂದರು. ಆಕೆ ನಗಲಿಲ್ಲ, ಬೈಯಲೂ ಇಲ್ಲ. "ಇದು ಮತ್ತೆ ಮೊದಲಿನ ಹಾಗೆ ಕೂಗೋ ಹಾಗೆ ಮಾಡೋಕೆ ಬರುತ್ತಾ ನಿಮ್ಗೆ?"

ಮೂವತ್ತು ವರ್ಷದಿಂದ ಮಷಿನ್ನುಗಳ ಸದ್ದಡಗಿಸುವುದೇ ಅವನ ಕಸುಬು. "ಬರಲ್ಲ ಅಮ್ಮಾ," ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ತುಂಬಿಬಂದಿತ್ತು.