ಸೆರಗಿನಲ್ಲಿ ಕಟ್ಟಿಕೊಂಡ ಬೋಲ್ಟು

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ನಾನು ಮೊದಲ ಸಲ ವಿಮಾನ ಹತ್ತಿದೆ. ಅದಕ್ಕೂ ಹಿಂದಿನ ವರ್ಷವಷ್ಟೇ ನನಗೆ ಕೆಲಸದಿಂದ ನಿವೃತ್ತಿಯಾಗಿತ್ತು. ಮೂವತ್ತೊಂದು ವರ್ಷ ಬೆಂಗಳೂರಿನ ಅವೆನ್ಯೂ ರಸ್ತೆ ಗುಡಿಸಿದವಳು ನಾನು. ಓದಿದ್ದು ಮೂರನೇ ಕ್ಲಾಸು. ಇಷ್ಟು ಬರೆಯುವುದಕ್ಕೆ ನಾಲ್ಕು ದಿನ ಹಿಡಿಯಿತು. ಆದರೆ ಈ ಸಂತೋಷವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರಲು ನನ್ನಿಂದ ಆಗಲಿಲ್ಲ.

ನನ್ನ ಮೊಮ್ಮಗಳು ಗೌತಮಿಗೆ ಸಮುದ್ರದ ನಡುವೆ ಒಂದು ಪುಟ್ಟ ದ್ವೀಪದ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿತ್ತು. ಓಕಳಿಪುರದ ನಮ್ಮ ಮನೆಯಲ್ಲಿ, ರೈಲು ಹೋದಾಗಲೆಲ್ಲ ಗೂಡಿನ ಲೋಟಗಳು ಕುಣಿಯುವ ಕೋಣೆಯಲ್ಲಿ ಕೂತು ಓದಿದ ಮಗು ಅದು. ಅವಳ ಪಿಯುಸಿ ಪುಸ್ತಕಗಳೆಲ್ಲ ನಾನು ಗುಡಿಸುತ್ತಿದ್ದ ರಸ್ತೆಯ ಅಂಗಡಿಗಳಿಂದ ತಂದ ಹಳೆಯ ಪುಸ್ತಕಗಳೇ. ಅವಳ ಕೈಗೆ ಪೊರಕೆ ಬರಬಾರದು ಎನ್ನುವುದೊಂದೇ ನನ್ನ ಆಸೆ. ಹಾಗಾಗಿ ಕೆಲಸ ಸಿಕ್ಕಿತು ಎಂದಾಗ ಅವಳು ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುವ ಹಾಗೆ ಮನಸ್ಸಿನಲ್ಲೇ ನೋಡಿಕೊಂಡು, ಎಲ್ಲರಿಗೂ ಹಾಗೇ ಹೇಳಿಕೊಂಡು, ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದೆ.

ಮೊದಲ ಒಂದು ವರ್ಷ ಅವಳ ಕೆಲಸ ಖಾಯಂ ಅಲ್ಲ. ಅಷ್ಟರಲ್ಲಿ ಏನಾದರೂ ಹೆಚ್ಚು ಕಡಿಮೆಯಾದರೆ ಮನೆಗೆ ಕಳಿಸಿಬಿಡಬಹುದು. ಏಳು ತಿಂಗಳಾಗಿತ್ತು. ನಾನೂ ಅವಳ ತಾಯಿ, ಅಂದರೆ ನನ್ನ ಮಗಳು ರತ್ನನೂ ದ್ವೀಪಕ್ಕೆ ಬರಲು ಪರವಾನಗಿ, ಟಿಕೆಟ್ ಎಲ್ಲ ಅವಳೇ ಮಾಡಿಸಿದಳು. ಹೊರಡುವ ಹಿಂದಿನ ದಿನ ಫೋನಿನಲ್ಲಿ ನೂರು ಸಲ ಹೇಳಿದಳು.

"ಅಜ್ಜೀ, ಇಲ್ಲಿ ಬಸ್ಸು ಗಿಸ್ಸು ಏನಿಲ್ಲ. ವಿಮಾನದಿಂದ ಇಳ್ದು ನಡ್ಕೊಂಡೇ ಬರ್ಬೇಕು. ನೆಲದ ಮೇಲೆ ಹಳದಿ ಗೀಟು ಹಾಕಿರ್ತಾರೆ, ಅದನ್ನ ಮಾತ್ರ ದಾಟ್ಬೇಡ. ನನ್ನ ನೋಡಿದ ತಕ್ಷಣ ಓಡಿ ಬರ್ಬೇಡ. ನಾನು ಡ್ಯೂಟಿಲಿರ್ತೀನಿ."

"ನಾನೇನು ಎಳೇ ಮಗೂನೇನೇ?" ಎಂದೆ.

"ಅದಕ್ಕಿಂತ ಕಡೆ ನೀನು," ಎಂದಳು.

ಕೊಚ್ಚಿಯಲ್ಲಿ ಇಳಿದು ಇನ್ನೊಂದು ಸಣ್ಣ ವಿಮಾನ ಹತ್ತಿದೆವು. ರೆಕ್ಕೆಗೆ ದೊಡ್ಡ ದೊಡ್ಡ ಫ್ಯಾನು ಇತ್ತು. ಒಂದು ಗಂಟೆಗೂ ಮೇಲೆ ಬರೀ ನೀರು. ಆಮೇಲೆ ಕಿಟಕಿಯಲ್ಲಿ ಒಂದು ಚೂರು ನೆಲ ಕಂಡಿತು. ಅದರ ಉದ್ದಕ್ಕೂ ಒಂದು ರಸ್ತೆ, ಎರಡೂ ಕಡೆ ಸಮುದ್ರ. ರತ್ನ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಲಿಲ್ಲ. ಇಷ್ಟು ಚೊಕ್ಕ ರಸ್ತೆಯನ್ನು ನಾನು ಜನ್ಮದಲ್ಲೇ ನೋಡಿರಲಿಲ್ಲ.

ಬಾಗಿಲು ತೆಗೆದರು. ಬಿಸಿಲು, ಉಪ್ಪು ಗಾಳಿ. ನಿಲ್ದಾಣವೆಂದರೆ ಮಾಮೂಲ್‌ಪೇಟೆಯ ಒಂದು ಗೋಡೌನಿನಷ್ಟು ಇರಬಹುದು, ಅಷ್ಟೇ. ಮೆಟ್ಟಿಲು ಇಳಿದು ಹಳದಿ ಗೀಟಿನ ಒಳಗೆ ಸಾಲಾಗಿ ನಡೆದೆವು. ದೂರದಲ್ಲಿ ಗೌತಮಿ ಕಂಡಳು. ಕುರ್ಚಿಯೂ ಇಲ್ಲ, ಫ್ಯಾನೂ ಇಲ್ಲ. ನಡು ಬಿಸಿಲಿನಲ್ಲಿ, ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟು ನಿಂತಿದ್ದಳು. ನಾನು ಅಷ್ಟು ವರ್ಷ ತೊಟ್ಟಿದ್ದ ಅದೇ ಥರದ ಜಾಕೆಟ್. ಇವಳ ಕೈಗೂ ಪೊರಕೆ ಬಂತೇ ಎಂದು ಒಂದು ಗಳಿಗೆ ಅಂದುಕೊಂಡೆ. ಓಡಿಹೋಗಿ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಅವಳು ಅಷ್ಟು ಸಲ ಹೇಳಿದ್ದಳಲ್ಲ, ತಡೆದುಕೊಂಡು ತಲೆ ತಗ್ಗಿಸಿ ನಡೆದೆ.

"ಅಮ್ಮಾ, ಎಲ್ಲಾ ಸಮುದ್ರ ನೋಡ್ತಿದಾರೆ, ನೀನೊಬ್ಳು ನೆಲ ನೋಡ್ತಿದೀಯ. ಏನಾದ್ರೂ ಬೀಳಿಸ್ಕೊಂಡ್ಯಾ?" ಎಂದು ರತ್ನ ಚುಚ್ಚಿದಳು.

ನೆಲ ನೋಡಿಕೊಂಡು ನಡೆಯುವುದು ನನ್ನ ಕೆಲಸ ಕಲಿಸಿದ ಚಾಳಿ. ಕಾಗದ, ಎಲೆ, ಧೂಳು ಪೊರಕೆಗೆ ಬರುತ್ತವೆ. ಮೊಳೆ ಬರುವುದಿಲ್ಲ, ಕಡ್ಡಿಯ ಸಂದಿಯಲ್ಲಿ ನುಸುಳಿ ಅಲ್ಲೇ ಉಳಿಯುತ್ತದೆ. ಅದಕ್ಕೆ ಬಗ್ಗಲೇಬೇಕು. ಅವೆನ್ಯೂ ರಸ್ತೆಯಲ್ಲಿ ಮೂಟೆ ಹೊರುವವರು ಬರಿಗಾಲಲ್ಲಿ ಓಡಾಡುತ್ತಾರೆ. ಹಾಗಾಗಿ ಕಂಡ ಮೊಳೆಯನ್ನೆಲ್ಲ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದೆ. ಗೌತಮಿ ಚಿಕ್ಕವಳಿದ್ದಾಗ ರಜೆಯಲ್ಲಿ ನನ್ನ ಜೊತೆ ಬರುತ್ತಿದ್ದಳು. ಯಾರಿಗೆ ಜಾಸ್ತಿ ಮೊಳೆ ಸಿಗುತ್ತದೆ ಎಂದು ನಮ್ಮಿಬ್ಬರಿಗೂ ಪಂದ್ಯ.

ಅಷ್ಟರಲ್ಲಿ ಹಳದಿ ಗೀಟಿನಾಚೆ, ವಿಮಾನದ ಚಕ್ರದ ಕಡೆಗೆ, ಏನೋ ಮಿನುಗಿತು. ಅರ್ಧ ಬೆರಳುದ್ದದ ಬೋಲ್ಟು. ಯಾರದೋ ಸೂಟ್‌ಕೇಸಿನ ಗಾಲಿಯಿಂದ ಬಿದ್ದದ್ದಿರಬೇಕು. ನಾನು ಯೋಚನೆ ಮಾಡಲಿಲ್ಲ. ಕಾಲು ಗೀಟು ದಾಟಿತು, ಸೊಂಟ ಬಗ್ಗಿತು, ಬೋಲ್ಟು ಸೆರಗಿನ ಗಂಟಿಗೆ ಸೇರಿತು. ಅಷ್ಟೂ ತಾನಾಗಿಯೇ ಆಯಿತು.

ಸೀಟಿ ಊದಿದರು. "ರುಕೋ! ರುಕೋ!" ಎಂದು ಬಂದೂಕು ಹಿಡಿದ ಕಾವಲಿನವರು ಓಡಿ ಬಂದರು. ವಿಮಾನದ ಕೆಳಗಿಂದ ಏನೋ ಎತ್ತಿ ಬಟ್ಟೆಯಲ್ಲಿ ಬಚ್ಚಿಟ್ಟುಕೊಂಡ ಮುದುಕಿ. ಅವರಾದರೂ ಏನೆಂದುಕೊಳ್ಳಬೇಕು? ಸಾಲಿನವರೆಲ್ಲ ನಿಂತು ನೋಡಿದರು. ಗೌತಮಿ ನಿಂತಲ್ಲೇ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

ನಮ್ಮನ್ನು ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿನ ದೊಡ್ಡ ಸಾಹೇಬರು ಬಂದರು. ಅವರ ಹಿಂದೆ ಗೌತಮಿ. ಅವಳ ಕೆಲಸ ಖಾಯಂ ಆಗಲು ಇನ್ನು ಐದೇ ತಿಂಗಳಿತ್ತು. ಅವಳು ಅಷ್ಟು ವರ್ಷ ಓದಿದ್ದನ್ನು ನಾನು ಒಂದು ಹೆಜ್ಜೆಯಲ್ಲಿ ಹಾಳು ಮಾಡಿದೆನಲ್ಲ ಎಂದುಕೊಂಡೆ.

ಸಾಹೇಬರು ಮಲಯಾಳಿ. ಗೌತಮಿ ಮಧ್ಯೆ ನಿಂತು ಅವರ ಮಾತು ನನಗೂ ನನ್ನ ಮಾತು ಅವರಿಗೂ ಹೇಳಿದಳು.

"ಅಜ್ಜಿ, ಏನು ಎತ್ಕೊಂಡ್ರಿ ಅಂತ ಕೇಳ್ತಿದಾರೆ."

ಸೆರಗು ಮುಂದಕ್ಕೆ ಹಿಡಿದೆ. ರತ್ನ ಗಂಟು ಬಿಚ್ಚಿದಳು. "ಸಾರ್, ತಪ್ಪು ನಂದು. ಮಗೂದೇನಿಲ್ಲ, ಅವಳು ನೂರು ಸಲ ಹೇಳಿದ್ಲು. ಬರ್ಕೊಳ್ಳೋದಿದ್ರೆ ನನ್ನ ಹೆಸರಲ್ಲೇ ಬರ್ಕೊಳ್ಳಿ," ಎಂದು ಕೈ ಮುಗಿದೆ.

ಅವರು ಬೋಲ್ಟನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು. ಅಷ್ಟು ದೂರದಿಂದ ಇದು ಹೇಗೆ ಕಂಡಿತು?

ನಾನು ಗೌತಮಿಯ ಕಡೆ ನೋಡಿದೆ. ಇವರ ಮುಂದೆ ಹೇಳಲೋ ಬೇಡವೋ ಎಂದು ಅನುಮಾನ. ಮೆಲ್ಲಗೆ, "ರಸ್ತೆ ಗುಡಿಸ್ತಿದ್ದೆ ಅಂತ ಹೇಳ್ಲೇನೇ?" ಎಂದೆ.

"ಹೇಳೋದೇನಜ್ಜಿ? ನಾನು ಬಂದ ಮೊದಲನೇ ವಾರಾನೇ ಎಲ್ಲರಿಗೂ ಹೇಳಿದೀನಿ," ಎಂದಳು. ಅವಳ ಮುಖಕ್ಕೆ ಬಣ್ಣ ಬಂದಿತ್ತು. "ಈ ಕೆಲಸ ಎಲ್ಲಿ ಕಲ್ತೆ ಅಂತ ನನ್ನ ಕೇಳಿದ್ರು. ಅವೆನ್ಯೂ ರೋಡಲ್ಲಿ ಅಂದೆ."

ಸಾಹೇಬರು ಕಪಾಟಿನಿಂದ ಒಂದು ಗಾಜಿನ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಒಳಗೆ ಕಲ್ಲು ಚೂರು, ತಂತಿ, ಚಿಪ್ಪು, ಜಿಪ್ಪಿನ ತುಂಡು, ಎರಡು ಮೊಳೆ. ದಿನಾ ಬೆಳಿಗ್ಗೆ ವಿಮಾನ ಬರುವ ಮುಂಚೆ ಆ ರಸ್ತೆಯ ಉದ್ದಕ್ಕೂ ನಡೆದು ಇಂಥದ್ದನ್ನೆಲ್ಲ ಹುಡುಕಿ ತೆಗೆಯಬೇಕಂತೆ. ಇಷ್ಟು ಚಿಕ್ಕ ಬೋಲ್ಟು ರೆಕ್ಕೆಯ ಆ ಫ್ಯಾನಿಗೆ ಸಿಕ್ಕರೂ, ಚಕ್ರಕ್ಕೆ ಚುಚ್ಚಿದರೂ ಅನಾಹುತವಂತೆ. ಡಬ್ಬಿಯಲ್ಲಿ ಮುಕ್ಕಾಲು ಪಾಲು ಗೌತಮಿ ಎತ್ತಿದ್ದು.

ಡಬ್ಬಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದೆ. "ಪಂದ್ಯ ಇನ್ನೂ ಬಿಟ್ಟಿಲ್ವೇನೇ ನೀನು?" ಎಂದೆ. ರತ್ನ ಅಳುತ್ತಲೇ ನಕ್ಕಳು.

ಸಾಹೇಬರು ಬೈಯದೆಯೂ ಬಿಡಲಿಲ್ಲ. ಇನ್ನೊಮ್ಮೆ ಏನೇ ಕಂಡರೂ ನಿಂತಲ್ಲಿಂದ ಕೂಗಿ ಹೇಳಬೇಕು, ಗೀಟು ದಾಟಬಾರದು ಎಂದರು. ಒಪ್ಪಿಕೊಂಡೆ. ಆಮೇಲೆ ಹೀಗೆ ಸಿಕ್ಕಿದ್ದನ್ನೆಲ್ಲ ಬರೆದಿಡುವ ಒಂದು ದಪ್ಪ ಪುಸ್ತಕ ತೆರೆದು, "ಇವರ ಹೆಸರಲ್ಲೇ ಬರ್ಕೊಳ್ಳಮ್ಮ, ಅವರೇ ಹೇಳಿದ್ದಾರಲ್ಲ," ಎಂದರಂತೆ. ಸಿಕ್ಕಿದ್ದು ಬೋಲ್ಟು. ಸಿಕ್ಕಿದ್ದು ಯಾರಿಗೆ ಎನ್ನುವ ಜಾಗದಲ್ಲಿ ಗೌತಮಿ ಬರೆದಳು: ಗಂಗಮ್ಮ, ಬೆಂಗಳೂರು. ಪಕ್ಕದಲ್ಲಿ ನಾನು ಕನ್ನಡದಲ್ಲಿ ಸಹಿ ಹಾಕಿದೆ. ಸೀಟಿ ಊದಿದ ಕಾವಲಿನವರೇ ಹೋಗಿ ಚಹಾ ತಂದುಕೊಟ್ಟರು.

ಈಗ ಅವಳ ಕೆಲಸ ಖಾಯಂ ಆಗಿದೆ. ಬೀದಿಗೆ ಮತ್ತೊಮ್ಮೆ ಮೈಸೂರುಪಾಕು ಹಂಚಿದೆ. ಏನು ಕೆಲಸ ಎಂದು ಕೇಳಿದವರಿಗೆ ಈ ಸಲ ಕುರ್ಚಿಯ ಕಥೆ ಹೇಳಲಿಲ್ಲ. ವಿಮಾನ ಇಳಿಯುವ ರಸ್ತೆ ನನ್ನ ಮೊಮ್ಮಗಳು ನೋಡಿಕೊಳ್ಳುತ್ತಾಳೆ ಎಂದೆ.

ಗುಡಿಸಿ ಮುಗಿಸಿದ ಮೇಲೆ ನಾನು ದಿನಾ ನಮ್ಮ ಮೇಸ್ತ್ರಿಗೆ ಒಂದು ಮಾತು ಹೇಳಿ ಮನೆಗೆ ಹೊರಡುತ್ತಿದ್ದೆ. ಅದನ್ನು ಹೇಳುವುದು ನಿಂತುಹೋಯಿತಲ್ಲ ಎಂದು ನಿವೃತ್ತಿಯಾದ ಹೊಸದರಲ್ಲಿ ಬೇಸರವಾಗಿತ್ತು. ಈಗ ದಿನಾ ಬೆಳಿಗ್ಗೆ, ನಾನು ಹಾಲು ಕಾಯಿಸುವ ಹೊತ್ತಿಗೆ, ಫೋನು ಬಡಿದುಕೊಳ್ಳುತ್ತದೆ. ಹಿಂದೆ ಸಮುದ್ರದ ಗಾಳಿ ಹೊಯ್ಯೆನ್ನುತ್ತಿರುತ್ತದೆ. ಗೌತಮಿ ಏದುಸಿರಿನಲ್ಲಿ ಅದೇ ಮಾತು ಹೇಳುತ್ತಾಳೆ.

"ಅಜ್ಜೀ, ರಸ್ತೆ ಕ್ಲೀನು."