ಜಿಪ್ಪಣ್ಣನಿಗೆ ಬಾರದ ಮಾತು

ನಮ್ಮ ಭಾವನನ್ನು ಬೀದಿಯವರೆಲ್ಲ ಜಿಪ್ಪಣ್ಣ ಎಂದೇ ಕರೆಯುತ್ತಿದ್ದರು. ಅಕ್ಕನಿಗೆ ಆ ಹೆಸರು ಕಂಡರಾಗದು. "ಅಪ್ಪ ಅಮ್ಮ ಇಟ್ಟ ಹೆಸರು ಇಲ್ವಾ ಇವರಿಗೆ?" ಎಂದು ಸಿಡುಕುತ್ತಿದ್ದಳು. ಭಾವನಿಗೋ ಅದು ಬಿರುದು ಸಿಕ್ಕಷ್ಟು ಹೆಮ್ಮೆ. ಬ್ಯಾಗು, ಜಾಕೆಟ್ಟು, ಸೂಟ್‌ಕೇಸು, ಜಿಪ್ ಇರುವುದು ಏನೇ ಕೆಟ್ಟರೂ ಜನ ಅವರ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಒಂದು ಮೇಜು. ಅದರ ಮೇಲೆ ಇಕ್ಕಳ, ದಬ್ಬಣ, ಮೇಣ ಸವರಿದ ದಾರದ ಉಂಡೆ. ಹಳೇ ಬಿಸ್ಕತ್ತಿನ ಡಬ್ಬಿಗಳ ತುಂಬ ರನ್ನರ್‌ಗಳು. ರನ್ನರ್ ಎಂದರೆ ಜಿಪ್ಪಿನ ಮೇಲೆ ಹಿಂದೆ ಮುಂದೆ ಓಡಾಡುವ ಆ ಪುಟ್ಟ ತುಂಡು.

"ಜಿಪ್ ಹಾಳಾಯ್ತು ಅಂತ ಬರೋರಲ್ಲಿ ಮುಕ್ಕಾಲು ಜನರದ್ದು ಜಿಪ್ ಹಾಳಾಗಿರಲ್ಲ ಕಣೇ. ರನ್ನರ್ ಬಾಯಿ ಸಡಿಲ ಆಗಿರುತ್ತೆ, ನಿನ್ನ ಬಾಯಿ ಥರ," ಎಂದು ನನ್ನನ್ನು ರೇಗಿಸುತ್ತಿದ್ದರು. ನಾನು ಹೆಂಡತಿಯ ತಂಗಿ, ಕೆಳಗಿನ ಮನೆಯಲ್ಲೇ ಇರುವವಳು. ಬಿಡುತ್ತೇನೆಯೇ? "ನನ್ನ ಬಾಯಿ ಬಿಗಿ ಮಾಡೋ ಇಕ್ಕಳ ನಿಮ್ಮ ಹತ್ರ ಇಲ್ಲ ಭಾವ," ಎನ್ನುತ್ತಿದ್ದೆ.

ಇನ್ನು ಅವರ ಕೈಗಳ ವಿಷಯ. ಬ್ಯಾಗ್ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದಾಗಲೇ ಅವರಿಗೆ ಸಂಧಿವಾತ ಹಿಡಿದಿತ್ತು. ಬೆರಳಿನ ಗೆಣ್ಣುಗಳು ಊದಿದವು, ಮಣಿಕಟ್ಟು ಮರಗಟ್ಟಿತು, ಕಡೆಗೆ ಕತ್ತರಿ ಹಿಡಿಯಲೂ ಆಗದೆ ಹೋಯಿತು. ಕಾರ್ಖಾನೆಯವರು ಒಂದು ಶಾಲು ಹೊದಿಸಿ ಮನೆಗೆ ಕಳಿಸಿದರು. ಆಮೇಲೆ ಅಂಗವೈಕಲ್ಯದ ಮಾಸಾಶನ ಬಂತು. ಆ ಹಣ ಹೋಗುತ್ತಿದ್ದುದು ಇಂಜೆಕ್ಷನ್ನಿಗೆ. ಇಂಜೆಕ್ಷನ್ ಬಿದ್ದರೆ ಎಷ್ಟೋ ದಿನ ಬೆರಳುಗಳು ಹೇಳಿದ ಮಾತು ಕೇಳುತ್ತಿದ್ದವು. ತಪ್ಪಿದರೆ ಇಲ್ಲ.

ಬೆರಳು ಮಡಚುವ ದಿನಗಳಲ್ಲಿ ಕೈ ಕಟ್ಟಿ ಕೂರುವ ಜಾತಿಯಲ್ಲ ನಮ್ಮ ಭಾವ. ಮನೆಯಲ್ಲೇ ಈ ಜಿಪ್ಪಿನ ಕೆಲಸ ಶುರುಮಾಡಿದರು. ಕದ್ದುಮುಚ್ಚಿ ಅಲ್ಲ. ಮಾಸಾಶನದ ಕಚೇರಿಗೆ ಹೋಗಿ, ಸ್ವಂತಕ್ಕೆ ಅಷ್ಟಿಷ್ಟು ಕೆಲಸ ಮಾಡುತ್ತೇನೆ ಎಂದು ತಿಳಿಸಿ, ಮಿತಿಯೊಳಗೆ ಮಾಡಬಹುದು ಎಂಬ ಒಪ್ಪಿಗೆ ಪಡೆದರು. ಕೈ ಕೈಕೊಟ್ಟ ದಿನ ಕಿಟಕಿಗೆ ಪರದೆ ಬೀಳುತ್ತಿತ್ತು. ಅವತ್ತು ಅವರಿಗೆ ಅಂಗಿ ತೊಡಿಸುವುದು, ಲೋಟ ಬಾಯಿಗೆ ಹಿಡಿಯುವುದು ಎಲ್ಲ ಅಕ್ಕ, ತನ್ನ ಲಾಂಡ್ರಿ ಕೆಲಸದ ನಡುವೆಯೇ. ಬಾಗಿಲಿಗೆ ಬಂದವರಿಗೆ ಮಾತ್ರ, "ಕೆಲಸ ಜಾಸ್ತಿ ಇದೆ, ನಾಳಿದ್ದು ಬನ್ನಿ," ಎನ್ನಬೇಕು. ಹಾಗೇ ಹೇಳಬೇಕು ಎಂಬುದು ಅವರ ಕಟ್ಟಪ್ಪಣೆ.

ಮಾಸಾಶನವನ್ನು ಮರುಪರಿಶೀಲಿಸುವ ಕಾಲ ಬಂದಾಗ ಕಚೇರಿಯಿಂದ ಒಬ್ಬ ಹುಡುಗಿ ಮನೆಗೆ ಬಂದಳು. ಸೌಮ್ಯ ಸ್ವಭಾವದವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಸಿಟ್ಟಿರುವುದೆಲ್ಲ ಭಾವನ ಮೇಲೆ. ಮನೆಗೆ ಯಾರೋ ಬರುತ್ತಾರೆಂದು ಅಕ್ಕನನ್ನು ಕಾಡಿ ಬೇಡಿ ಇಸ್ತ್ರಿ ಅಂಗಿ ಹಾಕಿಸಿಕೊಂಡು, ತಲೆ ಬಾಚಿಸಿಕೊಂಡು ಕೂತಿದ್ದರು. ಹುಡುಗಿ "ಹೇಗಿದ್ದೀರಿ ಸರ್?" ಎಂದಳು.

"ಚೆನ್ನಾಗಿದ್ದೀನಮ್ಮ, ಏನೂ ತೊಂದರೆ ಇಲ್ಲ," ಎಂದರು ಭಾವ. ಅಕ್ಕ ಕಣ್ಣು ಬಿಟ್ಟಳು. ಕೇಳಬೇಕಲ್ಲ!

ಅಷ್ಟಕ್ಕೇ ನಿಂತಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಆ ಹುಡುಗಿಯ ಬ್ಯಾಗಿನ ಜಿಪ್ ಬಾಯಿ ಬಿಟ್ಟುಕೊಂಡಿತ್ತು, ಅದಕ್ಕೊಂದು ಪಿನ್ನು ಚುಚ್ಚಿದ್ದಳು. ಅವಳು ಪ್ರಶ್ನೆ ಕೇಳಿದಷ್ಟು ಹೊತ್ತೂ ಭಾವನ ಕಣ್ಣು ಆ ಪಿನ್ನಿನ ಮೇಲೆ. ಕಡೆಗೆ ತಡೆಯಲಾರದೆ, "ಇಲ್ಲಿ ಕೊಡಮ್ಮ ಅದನ್ನ," ಎಂದು ಇಸಿದುಕೊಂಡರು. ಪಿನ್ನು ಕಿತ್ತು, ಇಕ್ಕಳದಲ್ಲಿ ರನ್ನರಿನ ಎರಡೂ ಪಕ್ಕ ಮೆತ್ತಗೆ ಒತ್ತಿ, ಮೇಣ ಸವರಿ, ಸರ್ರನೆ ಎಳೆದು ತೋರಿಸಿದರು. ಹುಡುಗಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಹಣ ಕೊಡಲು ಹೋದರೆ ಭಾವ ಬಿಲ್‌ಕುಲ್ ಒಪ್ಪಲಿಲ್ಲ. ಅಕ್ಕ ಅಡಿಗೆಮನೆಗೆ ಹೋಗಿ ತಲೆ ಚಚ್ಚಿಕೊಂಡಳು.

ಅವತ್ತು ಸಂಜೆಯೇ ಅವರ ಬಲಗೈ ಬಾತುಕೊಂಡಿತು. ವಾರವೆಲ್ಲ ಅಕ್ಕನೇ ತುತ್ತು ಮಾಡಿ ತಿನ್ನಿಸಿದಳು. ಆ ಹುಡುಗಿ ನೋಡಿದ್ದು ಬೆಳಗಿನದು, ಬರೆದದ್ದೂ ಬೆಳಗಿನದೇ: ಕೈಬೆರಳುಗಳ ಸೂಕ್ಷ್ಮ ಕೆಲಸ ಸರಾಗವಾಗಿ ಮಾಡುತ್ತಾರೆ, ಸ್ವಂತ ಉದ್ಯೋಗವಿದೆ. ಮಾಸಾಶನ ನಿಂತಿತು. ಅದರ ಹಿಂದೆಯೇ ಇಂಜೆಕ್ಷನ್ ನಿಂತಿತು. ಕಿಟಕಿಯ ಪರದೆ ಬಿದ್ದದ್ದು ಮತ್ತೆ ಏಳಲಿಲ್ಲ.

ಮೇಲ್ಮನವಿ ಹಾಕಿದೆವು. ವಿಚಾರಣೆಗೆ ಮುಂಚೆ ಅಕ್ಕ ಪಾಠ ಹೇಳಿಕೊಡಲು ಕೂತಳು. ಅವಳೇ ಅಧಿಕಾರಿ.

"ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗುತ್ತಾ?"

"ಆಗುತ್ತೆ. ಸ್ವಲ್ಪ ತಡ ಆಗುತ್ತೆ, ಅಷ್ಟೆ."

"ರೀ, ದಿನಾ ಯಾರ್ರೀ ಹಾಕೋದು?"

"ನೀನೇ."

"ಮತ್ತೆ?"

"ನೀನು ಹಾಕ್ತೀಯ ಅಂತ ನಾನು ಸುಮ್ನಿದ್ದೀನಿ ಕಣೇ. ಇಲ್ದಿದ್ರೆ ಹಾಕ್ಕೊಳ್ತಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೆ ಅಳು ಬಂತು. "ಆಗಲ್ಲ ಅನ್ನೋ ಒಂದು ಮಾತು ನಿಮ್ಮ ಬಾಯಲ್ಲಿ ಬರಲ್ವಾ? ನಿಮ್ಮ ಕೈ ಉಳಿಯೋದಕ್ಕಾದ್ರೂ ಹೇಳಿ," ಎಂದು ಅವರ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಕೂತಿದ್ದ ವಯಸ್ಸಾದ ವೈದ್ಯೆ ಕೇಳಿದರು: "ಕೈ ಸರಿ ಇಲ್ಲದ ದಿನ, ಒಪ್ಪಿಕೊಂಡ ಕೆಲಸ ಏನು ಮಾಡ್ತೀರಿ?"

ಭಾವ ಅಕ್ಕನ ಕಡೆ ನೋಡಿದರು. ಆಮೇಲೆ ತಲೆ ತಗ್ಗಿಸಿದರು.

"ಮಾರುಕಟ್ಟೆ ಹತ್ರ ಇನ್ನೊಬ್ಬ ರಿಪೇರಿಯವನಿದ್ದಾನೆ ಮೇಡಂ. ಇವಳು ಲಾಂಡ್ರಿ ಕೆಲಸಕ್ಕೆ ಹೋದಾಗ, ಬ್ಯಾಗು ಹೆಗಲಿಗೆ ನೇತುಹಾಕ್ಕೊಂಡು ಹೋಗಿ ಅವನ ಹತ್ರ ಮಾಡಿಸ್ಕೊಂಡು ಬರ್ತೀನಿ. ಗಿರಾಕಿ ನಂಗೆ ಕೊಡೋದಕ್ಕಿಂತ ಅವನಿಗೇ ಜಾಸ್ತಿ ಕೊಡ್ಬೇಕಾಗುತ್ತೆ."

"ನಷ್ಟಕ್ಕೆ ಯಾಕೆ ಮಾಡಿಸ್ತೀರಿ?"

"ಜಿಪ್ಪಣ್ಣನ ಕೈಲಿ ಆಗಲಿಲ್ಲ ಅಂತ ಯಾರೂ ಹೇಳಬಾರದು ಅಂತ."

ಅಕ್ಕ ಸೆರಗು ಬಾಯಿಗೊತ್ತಿಕೊಂಡಳು. ಅವಳಿಗೆ ಇದು ಗೊತ್ತೇ ಇರಲಿಲ್ಲ. ನನಗೂ ಇರಲಿಲ್ಲ. ಬೀದಿಯೆಲ್ಲ ಹೊಗಳುತ್ತಿದ್ದ ಆ ಅಂಗಡಿ, ಈ ಮನುಷ್ಯ ಕೈಯಿಂದ ಹಾಕಿ ನಡೆಸುತ್ತಿದ್ದ ಅಂಗಡಿಯಾಗಿತ್ತು.

ವೈದ್ಯೆ, "ಹಾಗಾದರೆ ನಿಮ್ಮ ಕೈಲಿ ಆಗಲ್ಲ," ಎಂದರು.

"ಆಗಲ್ಲ ಮೇಡಂ."

ಒಮ್ಮೆ ಬಾಯಿಗೆ ಬಂದದ್ದೇ ತಡ, ಆ ಮಾತು ನಿಲ್ಲಲೇ ಇಲ್ಲ. ಗುಂಡಿ ಹಾಕಿಕೊಳ್ಳಲು ಆಗಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ಆಗಲ್ಲ. ಲೋಟ ಹಿಡಿಯಲು ಆಗಲ್ಲ. ಸ್ನಾನದ ಮನೆಗೆ ಹೆಂಡತಿ ಜೊತೆಗೆ ಬರದಿದ್ದರೆ ಆಗಲ್ಲ. ಯಾರೂ ಕೇಳದಿದ್ದುದನ್ನೂ ಹೇಳಿದರು. ಹೋಗಿ ಅವರ ಬಾಯಿ ಮುಚ್ಚಿಬಿಡೋಣ ಅನ್ನಿಸಿತು ನನಗೆ. ಸಾಕು ಭಾವ, ಅವರಿಗೆ ಬೇಕಾದ್ದು ಸಿಕ್ಕಿತು, ಇನ್ನು ಸಾಕು ಎಂದು ಮನಸ್ಸಿನೊಳಗೇ ಕೂಗಿಕೊಂಡೆ.

ತೀರ್ಪು ನಮ್ಮ ಕಡೆಗೇ ಆಯಿತು. ಮಾಸಾಶನ ಮತ್ತೆ ಬಂತು. ಮೊದಲಿನಂತೆ ಮಿತಿಯೊಳಗೆ ಸ್ವಂತ ಕೆಲಸ ಮಾಡಿಕೊಳ್ಳಬಹುದು ಎಂದೂ ಸ್ಪಷ್ಟವಾಗಿ ಹೇಳಿದ್ದರು. ಅಕ್ಕ ಮೇಜು ಒರೆಸಿ, ಡಬ್ಬಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಕಿಟಕಿಯ ಪರದೆ ಸರಿಸಿದಳು. ಇಂಜೆಕ್ಷನ್ ಬಿದ್ದು ಕೆಲವು ವಾರಗಳಲ್ಲಿ ಬೆರಳುಗಳ ಊತ ಇಳಿಯಿತು.

ಒಂದು ಬೆಳಿಗ್ಗೆ ಮೇಲಿನ ಮನೆಯ ನರ್ಸಮ್ಮ ಜಾಕೆಟ್ಟು ತಂದರು. ನಾನೂ ಅಲ್ಲೇ ಇದ್ದೆ. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಐದು ಬೆರಳೂ ಸಲೀಸಾಗಿ ಮಡಚುತ್ತಿದ್ದವು. ಜಿಪ್ಪಿನ ಬುಡದಲ್ಲಿ ಒಂದು ಹಲ್ಲು ಓರೆಯಾಗಿತ್ತು, ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ.

"ನನ್ನ ಕೈಲಿ ಆಗಲ್ಲಮ್ಮ. ಬೇರೆ ಕಡೆ ಕೊಡಿ," ಎಂದರು.

ನರ್ಸಮ್ಮ ಮೆಟ್ಟಿಲು ಹತ್ತಿ ಹೋದ ಮೇಲೆ ಅಕ್ಕ, "ಯಾಕ್ರೀ? ಇವತ್ತು ಕೈ ಚೆನ್ನಾಗಿದೆಯಲ್ಲ. ಮಾಡಬೇಡಿ ಅಂತ ಅವರೇನೂ ಹೇಳಿಲ್ವಲ್ಲ," ಎಂದಳು.

"ಅಷ್ಟು ಜನರ ಮುಂದೆ ಆಗಲ್ಲ ಅಂತ ಹೇಳಿ ಬಂದಿದ್ದೀನಿ," ಎಂದರು ಭಾವ. "ಇನ್ನು ಮಾಡಿದ್ರೆ, ಅವತ್ತು ಹೇಳಿದ್ದು ಸುಳ್ಳು ಅಂತ ಆಗಲ್ವೇನೇ?"

ಅಕ್ಕ ಬೇಡಿಕೊಂಡಳು. ನಾನು ಜಗಳಾಡಿದೆ, ಹುಚ್ಚು ಹಿಡಿದಿದೆ ನಿಮಗೆ ಎಂದೂ ಅಂದೆ. ಅವರು ಮೊದಲಿನ ಹಾಗೆ ನನ್ನ ಬಾಯಿಯನ್ನು ಆಡಿಕೊಳ್ಳಲೂ ಇಲ್ಲ. ಈಗ ಜಿಪ್ಪು ಕೆಟ್ಟರೆ ಜನ ಮಾರುಕಟ್ಟೆಗೇ ಹೋಗುತ್ತಾರೆ. ಔಷಧಿ ತಪ್ಪದೆ ಸಿಗುತ್ತಿರುವುದರಿಂದ ಭಾವನ ಕೈ ಎಷ್ಟೋ ವರ್ಷಗಳಲ್ಲಿ ಇಷ್ಟು ಚೆನ್ನಾಗಿರಲಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅವರು ಕಿಟಕಿಯ ಪಕ್ಕದಲ್ಲೇ ಕೂರುತ್ತಾರೆ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು.