ನನ್ನ ಮಡಿಯ ಗಂಟಿನ ಗಿಡಗಳು

ಯುದ್ಧ ನಡೆದಿದ್ದ ಕಾಲ. ಧಾರವಾಡದ ಕಾನ್ವೆಂಟಿನಲ್ಲಿ ನಮಗೆ ಬಾಟನಿ ಕಲಿಸುತ್ತಿದ್ದ ಸಿಸ್ಟರ್, ತೋಟದಲ್ಲಿ ಹಸಿರು ಗಂಟೆಯಂಥ ಹೂ ಬಿಡುವ ಚಂದದ ತಂಬಾಕೊಂದನ್ನು ಬೆಳೆಸಿದ್ದರು. ಅದರ ಹೂವಿಗೆ, ಕಾಂಪೌಂಡಿನಾಚೆ ತಾನೇ ಬೆಳೆದ ಹಳದಿ ಹೂವಿನ ಕಾಡುತಂಬಾಕಿನ ಪರಾಗವನ್ನು ನನ್ನ ಕೈಯಿಂದಲೇ ಬ್ರಷ್ಷಿನಲ್ಲಿ ಹಚ್ಚಿಸಿದರು. ಆ ಬೀಜ ತಂದು, ನಮ್ಮೂರು ಹಿರೇಬೆಂಡಿಗೇರಿಯಲ್ಲಿ ನಮ್ಮ ತಂಬಾಕಿನ ಹೊಲದ ಬದುವಿಗೆ ಸಣ್ಣದೊಂದು ಮಡಿ ಮಾಡಿದೆ. ಮಾತೆತ್ತಿದರೆ ಹೈಬ್ರಿಡ್ ಅನ್ನುತ್ತಿದ್ದೆ.

ದೀಪಾವಳಿಯಾದ ಮೇಲೆ ಆಳುಗಳು ಹೊಲದ ತಂಬಾಕಿಗೆಲ್ಲ ಕುಡಿ ಮುರಿದರು. ಎಲೆ ದಪ್ಪವಾಗಲಿ ಎಂದು ಹಾಗೆ ಮಾಡುವುದು. ಅದೇ ಭರದಲ್ಲಿ ನನ್ನ ಮಡಿಯನ್ನೂ ಬಿಡಲಿಲ್ಲ. ತಂಬಾಕು ಅಂದಮೇಲೆ ಕುಡಿ ಮುರಿಯಲೇಬೇಕಲ್ಲ! ಕ್ರಿಸ್‌ಮಸ್ ರಜೆಗೆ ಬಂದು ನೋಡುತ್ತೇನೆ, ಮುರಿದ ಜಾಗದಲ್ಲೆಲ್ಲ ಹೂಕೋಸಿನಂಥ ಗಂಟು.

“ನಿನ್ನ ಇಂಗ್ಲಿಷ್ ಸಾಲಿ ಗಿಡಕ್ಕ ಗಳಗಂಡ ಬಂದೈತಿ ನೋಡವ್ವಾ,” ಎಂದಳು ಅಜ್ಜಿ.

ಅಪ್ಪ ನಗಲಿಲ್ಲ. ಕೊಯ್ಲಿಗೆ ಬಂದ ಬೆಳೆಗೆ ಅದು ಹಬ್ಬಿದರೆ ವರ್ಷದ ದುಡಿಮೆ ಹೋದಂತೆ. ಸಂಜೆಯೊಳಗೆ ಕಿತ್ತು ಸುಡುತ್ತೇನೆ ಅಂದ. ಸಿಸ್ಟರಿಗೆ ತೋರಿಸುವ ತನಕವಾದರೂ ಇರಲಿ ಎಂದು ಗೋಗರೆದೆ. ತಾಯಿಗಿಡಕ್ಕೂ ತಂದೆಗಿಡಕ್ಕೂ ಗಂಟಿಲ್ಲ, ಕೂಡಿಸಿದ್ದಕ್ಕೆ ಮಾತ್ರ ಬಂದಿದೆ ಎಂದು ವಾದಿಸಿದೆ. ಅಂಟುಜಡ್ಡು ಹೌದೋ ಅಲ್ಲವೋ, ಅಷ್ಟು ಹೇಳು ಅಂದ. ನನಗೆ ಗೊತ್ತಿರಲಿಲ್ಲ.

ಅಪ್ಪ ಒಂದು ಗಂಟನ್ನು ಕೊಯ್ದು ಕಲ್ಲಿನ ಮೇಲೆ ಅರೆದ. ಹೊಲದ ತನ್ನದೇ ಒಳ್ಳೆಯ ಗಿಡವೊಂದಕ್ಕೆ ಗೀರು ಹಾಕಿ ಆ ರಸ ಸವರಿದ. ಕುಡಗೋಲು ತೊಳೆದು ನನ್ನದೊಂದು ಗಿಡಕ್ಕೆ ಬರೀ ಗೀರು ಹಾಕಿದ.

“ನನ್ನ ಗಿಡಕ್ಕ ಬಂತಂದ್ರ ನಿನ್ನ ಮಡಿ ಇರೂದಿಲ್ಲ. ಆಮ್ಯಾಲ ಅಳಬ್ಯಾಡ.”

ದಿನಾ ಬೆಳಗ್ಗೆ ಚಹಾ ಕುಡಿಯುವ ಮೊದಲೇ ಓಡುತ್ತಿದ್ದೆ. ರಜೆ ಮುಗಿಯುವಷ್ಟರಲ್ಲಿ ನನ್ನ ಗಿಡದ ಗೀರು ಉಬ್ಬಿ, ಹಸಿರು ಕಾಳುಕಾಳಾಗಿತ್ತು. ಅಪ್ಪನ ಗಿಡದ್ದು ಒಣಗಿ ಮಾಯ್ದಿತ್ತು.

“ಯವ್ವಾ, ಇದು ಅಂಟೂದಲ್ಲ,” ಎಂದು ಅಪ್ಪ ಅಜ್ಜಿಗೆ ಹೇಳಿದ. “ತನ್ನೊಳಗ ತಾನ ಹುಟ್ಟಿಸ್ಕೊಂಡೈತಿ.”

“ಹಂಗಾರ ಇರ್ಲಿ ಬಿಡು. ಯಾರಿಗೇನು ತ್ರಾಸ,” ಎಂದಳು ಅಜ್ಜಿ.

ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದ ಟೊಂಗೆಯನ್ನು ಸಿಸ್ಟರ್ ಬಹಳ ಹೊತ್ತು ತಿರುವಿ ನೋಡಿದರು. ಗಿಡದಲ್ಲಿ ‘ಬೆಳೆಯುತ್ತಿರು’ ಎಂದು ಹೇಳುವ ರಸವೊಂದಿರುತ್ತದೆ, ಅದಕ್ಕೆ ಹಾರ್ಮೋನ್ ಅನ್ನುತ್ತಾರೆ. ಗಾಯವಾದಾಗ ಗಿಡ ಅದು ಮಾಯುವಷ್ಟು ಮಾತ್ರ ಬೆಳೆದು ನಿಲ್ಲಬೇಕು. ಎರಡು ಜಾತಿ ಕೂಡಿದ ಈ ಗಿಡದಲ್ಲಿ ಆ ಲೆಕ್ಕ ತಪ್ಪಿರಬಹುದು ಎಂದರು. ಪೂರ್ತಿ ತಮಗೂ ಗೊತ್ತಿಲ್ಲ ಎಂದೂ ಹೇಳಿದರು. ಆ ಮಾತಿಗೇ ನಾನು ಬಾಟನಿ ಹಿಡಿದೆನೇನೋ.

ಬೇಸಿಗೆಗೆ ಊರಿಗೆ ಹೋದಾಗ ಹೊಲ ಬೋಳಾಗಿತ್ತು, ನನ್ನ ಮಡಿಯೊಂದೇ ಹಸಿರು. ಅಪ್ಪ ನೀರು ಹಾಕಿಸಿದ್ದ. ಪಕ್ಕದ ಚಿಗುರಿನಲ್ಲಿ ಹೂ ಬಂದಿದ್ದವು, ಬೀಜ ಮಾತ್ರ ಕಟ್ಟಿರಲಿಲ್ಲ. ಮತ್ತೆ ಕೂಡಿಸಿ ತರುತ್ತೀಯೇನು ಎಂದು ಕೇಳಿದ.

ಮತ್ತೆ ಬೀಜ ತಂದು ಹಾಕಿದೆ. ಈ ಸಲ ಆ ಮಡಿಗೆ ಯಾರೂ ಕೈ ಹಚ್ಚಕೂಡದೆಂದು ಅಪ್ಪ ಆಳುಗಳಿಗೆ ತಾಕೀತು ಮಾಡಿದ. ಆದರೂ ಹೂವಾಗುವ ಹೊತ್ತಿಗೆ, ಎಲೆ ಉದುರಿದ ಕಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಗಂಟು ಮೂಡಿದವು. ಈ ಸಲ ಅವನ್ನು ಮೊದಲು ಕಂಡು ನನ್ನನ್ನು ಕೂಗಿ ಕರೆದವನು ಅಪ್ಪನೇ.